ಡಿಲೀಟ್ ಮಾಡಿದ್ದು ಹೋಗಿರಲಿಲ್ಲ: ಒಂದು ಹಳೇ ಲ್ಯಾಪ್‌ಟಾಪ್ ಮಾರಿದ ಪ್ರಕರಣ

ಈ ಪ್ರಕರಣದ ಲ್ಯಾಪ್‌ಟಾಪ್ ನನ್ನ ಅಕ್ಕನದು. 2019ರಲ್ಲಿ ಕೊಂಡದ್ದು. ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿಯ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್), ಅದರ ಜೊತೆಗೆ 1 ಟಿಬಿಯ ಹಾರ್ಡ್ ಡಿಸ್ಕ್. ಬಂದಾಗ ವಿಂಡೋಸ್ 10 ಪ್ರೊ ಇತ್ತು, ಆಮೇಲೆ 11ಕ್ಕೆ ಅಪ್‌ಗ್ರೇಡ್ ಆಯಿತು. ಸಿ ಡ್ರೈವ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ, ಡಿ ಡ್ರೈವ್ ಹಾರ್ಡ್ ಡಿಸ್ಕ್‌ನಲ್ಲಿ. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕ ಮನೆಯಲ್ಲೇ ಕೂತು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತಾಳೆ. ಹಾಗಾಗಿ ಅದರೊಳಗೆ ಅವಳ ಫೋಟೋಗಳಿಗಿಂತ ಬೇರೆಯವರ ಕಾಗದಪತ್ರವೇ ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ಚೀಟಿಯ ಸ್ಕ್ಯಾನ್, ಸಂಬಳದ ಪಟ್ಟಿ, ಸಹಿ ಹಾಕಿದ ಒಪ್ಪಂದ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಹಳೆಯದನ್ನು ಮಾರೋಣ ಅಂದಳು. ಪರಿಚಯದವರ ಮೂಲಕ, ಕಾಲೇಜು ಓದುವ ಒಬ್ಬ ಹುಡುಗ ಕೊಳ್ಳುತ್ತೇನೆ ಅಂತ ಮುಂದೆ ಬಂದ.

"ಎಲ್ಲಾ ಡಿಲೀಟ್ ಮಾಡಿದೀನಿ ಕಣೋ, ರೀಸೈಕಲ್ ಬಿನ್ನೂ ಖಾಲಿ. ನೀನು ಸುಮ್ನೆ ಒಂದ್ಸಲ ನೋಡಿಬಿಡು, ನಾಡಿದ್ದು ಕೊಟ್ಟುಬಿಡೋಣ" ಅಂದಳು ಅಕ್ಕ. ನೋಡಿದ ಮೇಲೆ ಕೊಡುವ ದಿನವನ್ನು ಮುಂದಕ್ಕೆ ಹಾಕಬೇಕಾಯಿತು.

ಲ್ಯಾಪ್‌ಟಾಪ್ ಮಾರುವ ಮುಂಚೆ ಏನೇನು ಮಾಡಬೇಕು ಅನ್ನುವುದು ಬಹಳ ಜನಕ್ಕೆ ಹೆಚ್ಚುಕಮ್ಮಿ ಗೊತ್ತು. ಬ್ಯಾಕಪ್, ಲಾಗೌಟ್, ರೀಸೆಟ್. ಎಡವುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವಲ್ಲಿ. ಒಂದು ಕೆಲಸ ಹಿಂದೆಮುಂದೆ ಆದರೆ ಇನ್ನೊಂದು ಕೆಲಸ ಮಾಡಲಿಕ್ಕೇ ಬರುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಖಾಲಿ ಅಂದುಕೊಂಡ ಡ್ರೈವ್

ಡಿ ಡ್ರೈವ್ ತೆರೆದರೆ ನಿಜಕ್ಕೂ ಖಾಲಿ ಇತ್ತು. ಒಂದು ಫೋಲ್ಡರ್ ಕೂಡ ಕಾಣಲಿಲ್ಲ. ಅಕ್ಕನಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಕಣ್ಣಿಗೆ ತೋರಿಸುವುದೇ ಮೇಲು ಅನ್ನಿಸಿತು. ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಇದೆ. ಅಳಿಸಿಹೋದ ಕಡತಗಳನ್ನು ಹುಡುಕಿ ತೆಗೆಯುವುದೇ ಅದರ ಕೆಲಸ. ಒಂದು ದೊಡ್ಡ ಪೆನ್‌ಡ್ರೈವ್ ಚುಚ್ಚಿ, ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕು ಅಂತ ಹೇಳಿ, ಡಿ ಡ್ರೈವ್ ಮೇಲೆ ಓಡಿಸಿದೆ.

ಸ್ವಲ್ಪ ಹೊತ್ತಿಗೇ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳು ಹುಟ್ಟತೊಡಗಿದವು. ಒಳಗಿನ ಕಡತಗಳಿಗೆ ಹಳೆಯ ಹೆಸರಿಲ್ಲ. ಎಫ್ ಅಕ್ಷರ, ಅದರ ಮುಂದೆ ಉದ್ದನೆಯ ಒಂದು ಸಂಖ್ಯೆ, ಅಷ್ಟೇ. ಆದರೆ ಹೆಸರು ಇಲ್ಲದಿದ್ದರೇನು, ದೊಡ್ಡ ಐಕಾನ್‌ಗಳಲ್ಲಿ ನೋಡಿದ ತಕ್ಷಣ ಎಲ್ಲಾ ಗುರುತು ಸಿಕ್ಕಿತು. ಯಾರದೋ ಮದುವೆಯ ಫೋಟೋ. ಒಂದು ಅಂಗಡಿಯ ಬಿಲ್ಲುಗಳ ಸಾಲು. ಆಮೇಲೆ ಒಬ್ಬರ ಗುರುತಿನ ಚೀಟಿ, ಮುಂದೆ ಹಿಂದೆ ಎರಡೂ ಬದಿ, ಅಕ್ಷರ ಸ್ವಲ್ಪವೂ ಮಸುಕಾಗಿರಲಿಲ್ಲ. ಅವರು ಲೆಕ್ಕದ ಕೆಲಸ ಬೇರೆಯವರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅಕ್ಕ ಆಗಲೇ ಅವರ ಫೋಲ್ಡರ್ ಅಳಿಸಿದ್ದಳು.

ಅಕ್ಕ ಮೌಸ್ ಬಿಟ್ಟು ಹಿಂದಕ್ಕೆ ಸರಿದು ಕೂತಳು. "ಇದು ಆ ಹುಡುಗನ ಕೈಗೆ ಹೋಗ್ತಿತ್ತಾ?" ಅಂದಳು. ಹೋಗುತ್ತಿತ್ತು. ಆ ಹುಡುಗ ಒಳ್ಳೆಯವನೇ. ಆದರೆ ಅವನೂ ಒಂದು ದಿನ ಅದನ್ನು ಇನ್ನೊಬ್ಬರಿಗೆ ಮಾರುತ್ತಾನೆ, ಅಲ್ವಾ?

ಹೀಗೆ ಆಗುವುದಕ್ಕೆ ಕಾರಣ ಸರಳ. ಡಿಲೀಟ್ ಒತ್ತಿದಾಗ ಕಡತದ ಮಾಹಿತಿ ಅಳಿಯುವುದಿಲ್ಲ. ಆ ಕಡತ ಡಿಸ್ಕ್‌ನ ಎಲ್ಲೆಲ್ಲಿದೆ ಅನ್ನುವ ಲೆಕ್ಕ ಮಾತ್ರ ತೆಗೆದುಹೋಗುತ್ತದೆ, ಆ ಜಾಗ ಇನ್ನು ಬಳಸಬಹುದು ಅಂತ ಗುರುತಾಗುತ್ತದೆ. ಹೊಸದೇನಾದರೂ ಅದರ ಮೇಲೆ ಬರೆಯುವ ತನಕ ಹಳೆಯದು ಇದ್ದಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಇದೇ ಕತೆ. ಫೋಟೋರೆಕ್‌ನಂಥ ತಂತ್ರಾಂಶಗಳು ಆ ಲೆಕ್ಕದ ಕಡೆ ತಿರುಗಿಯೂ ನೋಡುವುದಿಲ್ಲ. ಪ್ರತಿ ಬಗೆಯ ಕಡತದ ಶುರುವಿನಲ್ಲಿ ಇರುವ ಗುರುತನ್ನು ಹುಡುಕುತ್ತ ಇಡೀ ಡಿಸ್ಕನ್ನು ಓದುತ್ತವೆ. ಪಿಡಿಎಫ್‌ಗೆ ಒಂದು ಗುರುತು, ಜೆಪೆಗ್ ಚಿತ್ರಕ್ಕೆ ಇನ್ನೊಂದು.

ಇದು ಅಕ್ಕನೊಬ್ಬಳ ಕತೆಯೂ ಅಲ್ಲ. ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಅನ್ನುವವರು 158 ಹಳೆಯ ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷೆ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಬಂದದ್ದು 129. ಅದರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಮಾರಿದವರಲ್ಲಿ ಎಷ್ಟೋ ಜನ ಅಳಿಸಿದ್ದೇವೆ ಅಂತಲೇ ನಂಬಿದ್ದಿರಬೇಕು.

ಮೊದಲು ಹೊರಗೆ ತೆಗೆದದ್ದು

ಇಷ್ಟು ನೋಡಿದ ಮೇಲೆ ಅಕ್ಕನಿಗೆ ಆಗಿಂದಾಗ್ಗೆ ಎಲ್ಲವನ್ನೂ ಒರೆಸಿಹಾಕುವ ಆತುರ. ನಾನು ತಡೆದೆ. ಅಳಿಸುವುದು ಕೊನೆಯ ಕೆಲಸ. ಅದಕ್ಕೆ ಮುಂಚಿನದ್ದೇ ಜಾಸ್ತಿ ಇತ್ತು.

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇವನ್ನೆಲ್ಲ ಅಕ್ಕ ಆಗಲೇ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿಕೊಂಡಿದ್ದಳು. ಬಿಟ್ಟುಹೋಗಿದ್ದು ಕಣ್ಣಿಗೆ ಬೀಳದ ಜಾಗದವು. ಲೆಕ್ಕದ ತಂತ್ರಾಂಶ ತನ್ನ ಡೇಟಾವನ್ನು ಸಿ ಡ್ರೈವ್‌ನಲ್ಲಿ ತನ್ನದೇ ಫೋಲ್ಡರ್ ಮಾಡಿಕೊಂಡು ಇಟ್ಟಿತ್ತು. ಔಟ್‌ಲುಕ್‌ನ ಹಳೇ ಮೇಲ್‌ಗಳು ಒಂದೇ ಒಂದು ದೊಡ್ಡ ಪಿಎಸ್‌ಟಿ ಕಡತದಲ್ಲಿದ್ದವು. ಸ್ಕ್ಯಾನರ್ ತಂತ್ರಾಂಶಕ್ಕೆ ಬೇರೆಯೇ ಫೋಲ್ಡರ್. ಸ್ಟಿಕಿ ನೋಟ್ಸ್‌ನಲ್ಲಿ ಗಿರಾಕಿಗಳ ಫೋನ್ ನಂಬರ್. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕೆಲವು ಕಾಗದಗಳೂ ಇದ್ದವು. ಆ ಫಾಂಟ್ ಕಡತಗಳನ್ನು ಜೊತೆಗೆ ಒಯ್ಯದಿದ್ದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಒಂದಕ್ಷರವೂ ಅರ್ಥವಾಗುವುದಿಲ್ಲ. ಅವನ್ನೂ ಎತ್ತಿಟ್ಟೆವು.

ಬ್ಯಾಕಪ್ ಮಾಡಿದ್ದೇವೆ ಅನ್ನುವುದು ಒಂದು, ಅದು ತೆರೆಯುತ್ತದೆ ಅನ್ನುವುದು ಇನ್ನೊಂದು. ಎಕ್ಸ್‌ಟರ್ನಲ್ ಡಿಸ್ಕನ್ನು ಹೊಸ ಲ್ಯಾಪ್‌ಟಾಪ್‌ಗೆ ಚುಚ್ಚಿ, ಪ್ರತಿ ಫೋಲ್ಡರ್‌ನಿಂದ ಒಂದಷ್ಟು ಕಡತ ತೆರೆದು ನೋಡಿದೆವು. ಲೆಕ್ಕದ ಡೇಟಾವನ್ನು ಹೊಸ ಲ್ಯಾಪ್‌ಟಾಪ್‌ನ ತಂತ್ರಾಂಶಕ್ಕೆ ಹಾಕಿ, ಒಬ್ಬ ಗಿರಾಕಿಯ ಕೊನೆಯ ತಿಂಗಳ ಬಾಕಿ ಹಳೆಯದಕ್ಕೆ ತಾಳೆಯಾಗುತ್ತದಾ ಅಂತ ಅಕ್ಕ ನೋಡಿಕೊಂಡಳು. ಫೋಲ್ಡರ್‌ಗಳ ಗಾತ್ರ ಮತ್ತು ಕಡತಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ಒಂದು ಕಡೆ ಇರಲಿಲ್ಲ. ನೋಡಿದರೆ ಹೆಸರು ತೀರಾ ಉದ್ದವಾಗಿದ್ದ ಕೆಲವು ಕಡತಗಳನ್ನು ಕಾಪಿ ಮಾಡುವಾಗ ವಿಂಡೋಸ್ ಬಿಟ್ಟುಬಿಟ್ಟಿತ್ತು. ಹೆಸರು ಚಿಕ್ಕದು ಮಾಡಿ ಮತ್ತೆ ಕಾಪಿ ಮಾಡಿದೆವು.

ಯಂತ್ರ ಬದುಕಿರುವಾಗಲೇ ಬಿಡಿಸಿಕೊಳ್ಳಬೇಕಾದ್ದು

ಕೆಲವು ಗಂಟುಗಳನ್ನು ಹಳೆಯ ಲ್ಯಾಪ್‌ಟಾಪ್ ಓಡುತ್ತಿರುವಾಗ ಮಾತ್ರ ಬಿಚ್ಚಬಹುದು. ಮೊದಲೇ ಅಳಿಸಿಬಿಟ್ಟರೆ ಆಮೇಲೆ ಕಂಪನಿಗಳಿಗೆ ಮೇಲ್ ಬರೆದುಕೊಂಡು ಕೂರಬೇಕು.

ಲೆಕ್ಕದ ತಂತ್ರಾಂಶದ ಲೈಸೆನ್ಸ್ ಅಂಥದ್ದು. ಅದು ಒಂದು ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಹಳೆಯದರಲ್ಲಿ ಲೈಸೆನ್ಸ್ ಬಿಟ್ಟುಕೊಟ್ಟ ಮೇಲೆಯೇ ಹೊಸದರಲ್ಲಿ ಹಾಕಿಕೊಳ್ಳಲು ಬರುವುದು. ಫೋಟೋ ತಿದ್ದುವ, ವಿಡಿಯೋ ಕತ್ತರಿಸುವ ಎಷ್ಟೋ ತಂತ್ರಾಂಶಗಳೂ ಹೀಗೇ, ಇಷ್ಟೇ ಯಂತ್ರ ಅಂತ ಮಿತಿ ಇಟ್ಟಿರುತ್ತವೆ. ಆ್ಯಂಟಿವೈರಸ್ ಚಂದಾ ಕೂಡ.

ಬಿಡಿಸಿಕೊಳ್ಳಬೇಕಾದ ಇನ್ನೊಂದು ಗಂಟು ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ. ಇತ್ತೀಚೆಗೆ ಕೆಲವು ಜಾಲತಾಣಗಳಿಗೆ ಅಕ್ಕ ಪಾಸ್‌ವರ್ಡ್ ಬದಲು ಬೆರಳಚ್ಚು ಒತ್ತಿ ಒಳಗೆ ಹೋಗುತ್ತಿದ್ದಳು. ವಿಂಡೋಸ್ ಹಲೋದಲ್ಲಿ (ಬೆರಳಚ್ಚು, ಮುಖ ಅಥವಾ ಪಿನ್ ನೋಡಿ ಒಳಗೆ ಬಿಡುವ ವಿಂಡೋಸ್‌ನ ವ್ಯವಸ್ಥೆ) ಈ ಯಂತ್ರಕ್ಕೇ ಅಂತ ಮಾಡಿದ ಪಾಸ್‌ಕೀ ಬೇರೆ ಕಡೆಗೆ ಹೋಗುವುದಿಲ್ಲ. ಯಂತ್ರ ಅಳಿಸಿದರೆ ಅದೂ ಹೋಯಿತು. ಹಾಗಾಗಿ ಮೊದಲು ಆ ಪ್ರತಿಯೊಂದು ತಾಣಕ್ಕೂ ಫೋನ್‌ನಿಂದ ಇನ್ನೊಂದು ಪಾಸ್‌ಕೀ ಸೇರಿಸಿ, ಅದರಿಂದ ಒಳಗೆ ಹೋಗಲು ಬರುತ್ತದೆ ಅಂತ ಖಾತ್ರಿ ಮಾಡಿಕೊಂಡೆವು. ಬ್ರೌಸರ್‌ನ ಪಾಸ್‌ವರ್ಡ್‌ಗಳು ಸಿಂಕ್ ಆಗಿ ಹೊಸದಕ್ಕೆ ಬಂದಿದ್ದವು. ಬಂದಿರದಿದ್ದರೆ ಎಕ್ಸ್‌ಪೋರ್ಟ್ ಮಾಡಬೇಕಾಗುತ್ತಿತ್ತು. ಆ ಕಡತದಲ್ಲಿ ಎಲ್ಲಾ ಪಾಸ್‌ವರ್ಡ್ ಬಿಡಿಸಿಟ್ಟ ಅಕ್ಷರದಲ್ಲೇ ಇರುತ್ತದೆ ಅನ್ನುವುದು ಗೊತ್ತಿರಲಿ. ಅದನ್ನು ಡೌನ್‌ಲೋಡ್ಸ್‌ನಲ್ಲಿ ಬಿಟ್ಟು ಮರೆಯುವವರು ಬಹಳ.

ಬೆರಳಚ್ಚನ್ನೂ ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ ತೆಗೆದೆವು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೆರಳಚ್ಚಿನ ಗುರುತು ಸೆನ್ಸರ್‌ನ ಒಳಗಿನ ಚಿಪ್‌ನಲ್ಲೇ ಉಳಿಯುತ್ತದೆ, ಡಿಸ್ಕ್ ಅಳಿಸಿದರೂ ಅದು ಹಾಗೇ ಇರಬಹುದು.

ಒಂದನ್ನು ಮಾತ್ರ ಬೇಕಂತಲೇ ಬಿಡಿಸಲಿಲ್ಲ: ಅಕ್ಕನ ಮೈಕ್ರೋಸಾಫ್ಟ್ ಖಾತೆಯ ಪಟ್ಟಿಯಲ್ಲಿದ್ದ ಈ ಲ್ಯಾಪ್‌ಟಾಪ್‌ನ ಹೆಸರು. ಸಿ ಡ್ರೈವ್‌ಗೆ ಬಿಟ್‌ಲಾಕರ್ ಹಾಕಿತ್ತು. ಕೀ ಇಲ್ಲದೆ ಓದಲು ಬಾರದ ಹಾಗೆ ಡೇಟಾವನ್ನು ಗುಪ್ತಲಿಪಿಗೆ ತಿರುಗಿಸುವ, ಅಂದರೆ ಎನ್‌ಕ್ರಿಪ್ಟ್ ಮಾಡುವ, ವಿಂಡೋಸ್‌ನ ಸೌಲಭ್ಯ ಅದು. ಅದರ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲೇ ಇತ್ತು. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ, ಯಂತ್ರದ ಒಳಗಿನ ತಂತ್ರಾಂಶ) ಏನಾದರೂ ಬದಲಾಯಿಸಿದರೆ, ಯಾವ ಡ್ರೈವ್‌ನಿಂದ ಶುರುವಾಗಬೇಕು ಅನ್ನುವ ಬೂಟ್ ಕ್ರಮ ಹಿಂದೆಮುಂದೆ ಮಾಡಿದರೆ, ವಿಂಡೋಸ್ ಆ ಕೀ ಕೇಳಿ ನಿಂತುಬಿಡಬಹುದು. ಆಗ ಕೀ ಕೈಗೆ ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೆವು. ಖಾತೆಯಿಂದ ತೆಗೆಯುವ ಕೆಲಸ ಮಾರಾಟ ಮುಗಿದ ಮೇಲೆ.

ಮ್ಯಾಕ್ ಆಗಿದ್ದರೆ ಈ ಹಂತದ ಕ್ರಮ ಬೇರೆ. ಅಲ್ಲಿ ಕಳೆದುಹೋದ ಸಾಧನ ಹುಡುಕುವ ಫೈಂಡ್ ಮೈ ಅನ್ನುವ ಸೌಲಭ್ಯ ಮೊದಲೇ ಆಫ್ ಆಗಬೇಕು. ಟಿ2 ಅನ್ನುವ ಭದ್ರತಾ ಚಿಪ್ ಇರುವ ಅಥವಾ ಆ್ಯಪಲ್‌ನದೇ ಪ್ರೊಸೆಸರ್ ಇರುವ ಮ್ಯಾಕ್‌ಗಳಲ್ಲಿ ಅದು ಆನ್ ಇದ್ದಂತೆಯೇ ಅಳಿಸಿ ಕೊಟ್ಟರೆ, ಆ್ಯಕ್ಟಿವೇಶನ್ ಲಾಕ್ ಬಿದ್ದು, ಕೊಂಡವರಿಗೆ ಹಳೆಯ ಒಡೆಯನ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಲಿಕ್ಕೇ ಬರುವುದಿಲ್ಲ. 2021ರ ಮ್ಯಾಕ್‌ಓಎಸ್ ಮಾಂಟೆರಿಯಿಂದ ಈಚೆಗೆ ಇಂಥ ಮ್ಯಾಕ್‌ಗಳಲ್ಲಿ ಎಲ್ಲಾ ಅಳಿಸುವ ಒಂದೇ ಆಯ್ಕೆ ಬಂದಿದೆ, ಸೈನ್‌ಔಟ್ ಕೂಡ ಅದೇ ಮಾಡಿಸುತ್ತದೆ. ಆ ಮಟ್ಟಿಗೆ ಸುಲಭ.

ಹಾರ್ಡ್ ಡಿಸ್ಕ್: ಎರಡು 931ರ ನಡುವೆ

ಈಗ ಅಳಿಸುವ ಕೆಲಸ. ಎರಡು ಡ್ರೈವ್, ಎರಡಕ್ಕೂ ಬೇರೆ ಬೇರೆ ದಾರಿ.

ಅಕ್ಕ ಹಾರ್ಡ್ ಡಿಸ್ಕ್ ಬಿಚ್ಚಿ ಡ್ರಿಲ್ ಹಾಕಿಬಿಡೋಣ ಅಂದಳು. ಬೇಕಿರಲಿಲ್ಲ. ಹಾರ್ಡ್ ಡಿಸ್ಕ್ ಮೇಲೆ ಮೂಲೆಮೂಲೆಗೂ ಒಂದು ಸಲ ಸೊನ್ನೆ ಬರೆದರೆ, ಕೊಂಡವರು ಯಾವ ತಂತ್ರಾಂಶ ಓಡಿಸಿದರೂ ಏನೂ ಸಿಗುವುದಿಲ್ಲ. ಮೂವತ್ತೈದು ಸಲ ಬರೆಯಬೇಕು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಅದು ಪೀಟರ್ ಗಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಆ ಕಾಲದ ಹಲವು ಬಗೆಯ ಡಿಸ್ಕ್‌ಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಕೊಟ್ಟ ಸಂಖ್ಯೆ ಅದು. ಈಗಿನ ಡಿಸ್ಕ್‌ಗೆ ಅಷ್ಟು ಬೇಡ ಅಂತ ಆಮೇಲೆ ಅವರೇ ಹೇಳಿದ್ದಾರೆ. ಡ್ರಿಲ್ ಹಾಕಿ ಹಾಳು ಮಾಡುವ ಬದಲು ಸರಿಯಾಗಿ ಅಳಿಸಿ ಕೊಟ್ಟರೆ, ಓದುವ ಹುಡುಗನಿಗೆ 1 ಟಿಬಿ ಜಾಗ ಸಿಗುತ್ತದೆ. ಅದು ಸಣ್ಣ ವಿಷಯ ಅಲ್ಲ.

ಒಂದು ವಿಷಯ ಮಾತ್ರ ಮೊದಲೇ ನೋಡಬೇಕಿತ್ತು. ಡಿಸ್ಕ್‌ನ ಆರೋಗ್ಯ. ಸ್ಮಾರ್ಟ್ ಅನ್ನುವ ದಾಖಲೆಯನ್ನು ಡಿಸ್ಕ್ ತಾನೇ ಬರೆದುಕೊಂಡಿರುತ್ತದೆ. ಕೆಟ್ಟ ಜಾಗಗಳನ್ನು ಬದಿಗಿಟ್ಟು ಬೇರೆ ಜಾಗ ಬಳಸಿದ್ದರೆ ಅದರ ಲೆಕ್ಕ ಅದರಲ್ಲಿರುತ್ತದೆ. ಆ ಬದಿಗಿಟ್ಟ ಜಾಗಕ್ಕೆ ನಾವು ಮೇಲಿನಿಂದ ಸೊನ್ನೆ ಬರೆಯಲು ಆಗುವುದಿಲ್ಲ. ಇಲ್ಲಿ ಆ ಲೆಕ್ಕ ಸೊನ್ನೆ ಇತ್ತು. ಇಲ್ಲದಿದ್ದರೆ ಡಿಸ್ಕನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾತ್ರ ಮಾರುತ್ತಿದ್ದೆವು. ಸಾಯುವ ಡಿಸ್ಕನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಹೇಗೂ ಸರಿಯಲ್ಲ.

ಸೊನ್ನೆ ಬರೆಯಲು ವಿಂಡೋಸ್‌ನಲ್ಲೇ ಡಿಸ್ಕ್‌ಪಾರ್ಟ್ ಅನ್ನುವ ಸಾಧನ ಇದೆ. ಕಪ್ಪು ಕಿಟಕಿ, ಟೈಪ್ ಮಾಡುವ ಆಜ್ಞೆಗಳು. "ಕ್ಲೀನ್" ಅಂದರೆ ಪಾರ್ಟಿಶನ್‌ಗಳ, ಅಂದರೆ ಡಿಸ್ಕ್‌ನಲ್ಲಿ ಮಾಡಿದ ಭಾಗಗಳ, ಗುರುತು ಮಾತ್ರ ಹೋಗುತ್ತದೆ, "ಕ್ಲೀನ್ ಆಲ್" ಅಂದರೆ ಇಡೀ ಡಿಸ್ಕ್ ಮೇಲೆ ಸೊನ್ನೆ ಬೀಳುತ್ತದೆ. ಇದು ನಿಮಗೆ ಹೆದರಿಕೆಯಾದರೆ ಡಿ ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಕ್ವಿಕ್ ಫಾರ್ಮ್ಯಾಟ್‌ನ ಟಿಕ್ ತೆಗೆದುಬಿಡಿ. ವಿಸ್ಟಾ ಕಾಲದಿಂದ ಈಚೆಗೆ ಆ ಪೂರ್ತಿ ಫಾರ್ಮ್ಯಾಟ್ ಕೂಡ ಆ ಡ್ರೈವ್ ತುಂಬ ಸೊನ್ನೆ ಬರೆಯುತ್ತದೆ.

ಡಿಸ್ಕ್‌ಪಾರ್ಟ್ ತೆರೆದು ಡಿಸ್ಕ್‌ಗಳ ಪಟ್ಟಿ ಕೇಳಿದೆ. ಮೂರು ಸಾಲು ಬಂತು. ಡಿಸ್ಕ್ 0, 931 ಜಿಬಿ. ಡಿಸ್ಕ್ 1, 238 ಜಿಬಿ. ಡಿಸ್ಕ್ 2, 931 ಜಿಬಿ. 256 ಜಿಬಿಯ ಎಸ್‌ಎಸ್‌ಡಿಯನ್ನು ವಿಂಡೋಸ್ 238 ಅಂತ ತೋರಿಸುತ್ತದೆ, 1 ಟಿಬಿಯನ್ನು 931 ಅಂತ. ಎಣಿಸುವ ಲೆಕ್ಕ ಬೇರೆ, ಅಷ್ಟೇ. ಆದರೆ 931 ಎರಡು ಸಲ ಯಾಕೆ? ಒಂದು ಅಳಿಸಬೇಕಾದ ಹಾರ್ಡ್ ಡಿಸ್ಕ್. ಇನ್ನೊಂದು ಬ್ಯಾಕಪ್ ಇದ್ದ ಎಕ್ಸ್‌ಟರ್ನಲ್ ಡಿಸ್ಕ್. ಅಕ್ಕ ಕೊನೆಯದಾಗಿ ಯಾವುದೋ ಫೋಟೋ ಕಾಪಿ ಮಾಡಲು ಅದನ್ನು ಮತ್ತೆ ಚುಚ್ಚಿದ್ದಳು. ಕಪ್ಪು ಪರದೆಯ ಮೇಲೆ ಎರಡಕ್ಕೂ ಇರುವ ವ್ಯತ್ಯಾಸ ಒಂದು ಅಂಕಿ. ಅಲ್ಲಿ ತಪ್ಪು ಅಂಕಿ ಒತ್ತಿದರೆ ಮಾರಬೇಕಾದ ಡಿಸ್ಕ್ ಹಾಗೇ ಉಳಿದು, ಉಳಿಸಬೇಕಾದದ್ದು ಅಳಿಯುತ್ತದೆ. "ನಿಜವಾಗಲೂ ಅಳಿಸಲಾ?" ಅಂತ ಡಿಸ್ಕ್‌ಪಾರ್ಟ್ ಕೇಳುವುದೂ ಇಲ್ಲ.

ಎಕ್ಸ್‌ಟರ್ನಲ್ ಡಿಸ್ಕ್ ತೆಗೆದು ಪಕ್ಕದ ಕೋಣೆಯಲ್ಲಿ ಇಟ್ಟು ಬಂದೆವು. ಮತ್ತೆ ಪಟ್ಟಿ ಕೇಳಿದಾಗ 931 ಒಂದೇ ಇತ್ತು. ಅದನ್ನು ಆರಿಸಿ, ಮತ್ತೊಮ್ಮೆ ಪಟ್ಟಿ ತರಿಸಿ, ಆ ಸಾಲಿನ ಮುಂದೆಯೇ ನಕ್ಷತ್ರದ ಗುರುತು ಬಂದಿದೆ ಅಂತ ನೋಡಿದ ಮೇಲೆ ಕ್ಲೀನ್ ಆಲ್ ಕೊಟ್ಟೆ. ಆಮೇಲೆ ಪರದೆಯ ಮೇಲೆ ಏನೂ ಬರುವುದಿಲ್ಲ. ಎಷ್ಟಾಯಿತು ಅಂತ ತೋರಿಸುವ ಪಟ್ಟಿಯೂ ಇಲ್ಲ, ಕರ್ಸರ್ ಮಿನುಗುತ್ತಿರುತ್ತದೆ. ಕೆಟ್ಟುಹೋಯಿತು ಅಂತ ಗಾಬರಿಯಾಗಿ ಆಫ್ ಮಾಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಲೆಕ್ಕ ಹಾಕಿಕೊಳ್ಳಿ: ಸೆಕೆಂಡಿಗೆ 100 ಎಂಬಿ ಬರೆದರೂ 1 ಟಿಬಿಗೆ ಮೂರು ಗಂಟೆ ಹತ್ತಿರ ಬೇಕು. ಚಾರ್ಜರ್ ಚುಚ್ಚಿ, ಸ್ಲೀಪ್ ಆಗದ ಹಾಗೆ ಮಾಡಿ ಬಿಟ್ಟೆವು. ಮುಗಿದ ಮೇಲೆ ಹೊಸ ಖಾಲಿ ಪಾರ್ಟಿಶನ್ ಮಾಡಿದೆವು.

ಎಸ್‌ಎಸ್‌ಡಿ: ಇಲ್ಲಿ ಸೊನ್ನೆ ಸಾಲದು

ಎಸ್‌ಎಸ್‌ಡಿಗೆ ಇದೇ ಮದ್ದು ಯಾಕೆ ಆಗುವುದಿಲ್ಲ? ಹಾರ್ಡ್ ಡಿಸ್ಕ್‌ನಲ್ಲಿ ಒಂದು ಜಾಗಕ್ಕೆ ಬರೆ ಅಂದರೆ ಅದೇ ಜಾಗಕ್ಕೆ ಬರೆಯುತ್ತದೆ. ಎಸ್‌ಎಸ್‌ಡಿ ಹಾಗಲ್ಲ. ಅದರ ಚಿಪ್‌ಗಳು ಬರೆದಷ್ಟೂ ಸವೆಯುತ್ತವೆ. ಸವೆತ ಎಲ್ಲಾ ಕಡೆ ಸಮನಾಗಿ ಹಂಚಲಿ ಅಂತ ಡ್ರೈವ್‌ನ ಒಳಗಿನ ಕಂಟ್ರೋಲರ್ ಹೊಸದನ್ನು ಬೇರೆ ಜಾಗಕ್ಕೆ ಬರೆದು, ಹಳೆಯದನ್ನು ಆಮೇಲೆ ನೋಡೋಣ ಅಂತ ಬಿಡುತ್ತದೆ. ವಿಂಡೋಸ್‌ಗೆ ಕಾಣದ ಒಂದಷ್ಟು ಹೆಚ್ಚುವರಿ ಜಾಗವೂ ಒಳಗಿರುತ್ತದೆ. ಹಾಗಾಗಿ ಮೇಲಿನಿಂದ ಎಷ್ಟು ಸೊನ್ನೆ ಸುರಿದರೂ ಎಲ್ಲಾ ಮೂಲೆ ಮುಟ್ಟಿತು ಅನ್ನುವ ಖಾತ್ರಿ ಇಲ್ಲ, ಸುಮ್ನೆ ಡ್ರೈವ್ ಸವೆಯುತ್ತದೆ.

ಇದಕ್ಕೆ ಡ್ರೈವ್‌ನ ಒಳಗಿನಿಂದಲೇ ಅಳಿಸುವ ಆಜ್ಞೆಗಳಿವೆ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಸೆಕ್ಯೂರ್ ಇರೇಸ್ ಅಂತ ಇರುತ್ತದೆ, ಕೆಲವು ಡ್ರೈವ್ ತಯಾರಕರ ತಂತ್ರಾಂಶದಲ್ಲಿ. ಇದ್ದರೆ ಅದೇ ಒಳ್ಳೆಯ ದಾರಿ. ಆದರೂ ಕಣ್ಣುಮುಚ್ಚಿ ನಂಬಬಾರದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇಂಥ ಆಜ್ಞೆಗಳನ್ನು ಪರೀಕ್ಷಿಸಿದಾಗ, ಅಳಿಸಿ ಆಯಿತು ಅಂತ ವರದಿ ಕೊಟ್ಟ ಒಂದು ಡ್ರೈವ್‌ನಲ್ಲಿ ಡೇಟಾ ಹಾಗೇ ಇತ್ತು.

ಅಕ್ಕನ ಲ್ಯಾಪ್‌ಟಾಪ್‌ನ ಬಯೋಸ್‌ನಲ್ಲಿ ಆ ಆಯ್ಕೆ ಇರಲಿಲ್ಲ. ಆದರೆ ನಮ್ಮ ಕಡೆ ಬಿಟ್‌ಲಾಕರ್ ಇತ್ತು. ಡೇಟಾ ಎನ್‌ಕ್ರಿಪ್ಟ್ ಆಗಿದ್ದರೆ, ಅದನ್ನು ಬಿಡಿಸುವ ಕೀ ನಾಶವಾದರೆ ಸಾಕು. ಉಳಿದ ಚೂರುಗಳು ಯಾರಿಗೂ ಅರ್ಥವಾಗುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇತ್ತು. ಅಕ್ಕ ಬಿಟ್‌ಲಾಕರ್ ಆನ್ ಮಾಡಿದ್ದು ಲ್ಯಾಪ್‌ಟಾಪ್ ಕೊಂಡು ಬಹಳ ದಿನವಾದ ಮೇಲೆ, ಅದೂ "ಬಳಸಿದ ಜಾಗ ಮಾತ್ರ" ಅನ್ನುವ ಆಯ್ಕೆಯಲ್ಲಿ. ಅದಕ್ಕೂ ಮುಂಚೆ ಅಳಿಸಿದ್ದ ಕಡತಗಳ ಚೂರು ಎನ್‌ಕ್ರಿಪ್ಟ್ ಆಗದೆ ಉಳಿದಿರಬಹುದು. ಹಾಗಾಗಿ ಬಿಟ್‌ಲಾಕರ್ ಒಂದನ್ನೇ ನೆಚ್ಚಿಕೊಳ್ಳದೆ, ರೀಸೆಟ್ ಮಾಡುವಾಗ ಒರೆಸುವ ಆಯ್ಕೆಯನ್ನೂ ಕೊಡಬೇಕು ಅಂತ ತೀರ್ಮಾನಿಸಿದೆವು.

ಈ ರೀಸೆಟ್ ಪರದೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ ರೀಸೆಟ್ ಒತ್ತಿದರೆ, ಕಡತ ಉಳಿಸಬೇಕಾ, ಎಲ್ಲಾ ತೆಗೆಯಬೇಕಾ ಅಂತ ಕೇಳುತ್ತದೆ. ಎಲ್ಲಾ ತೆಗೆ ಅಂದ ಕೂಡಲೇ ಕೆಲಸ ಆಯಿತು ಅಂದುಕೊಂಡು ಮುಂದೆ ಮುಂದೆ ಒತ್ತುವವರೇ ಜಾಸ್ತಿ. ಆದರೆ ಮುಂದಿನ ಪರದೆಯಲ್ಲಿ ಸೆಟ್ಟಿಂಗ್ ಬದಲಿಸಲು ಒಂದು ಚಿಕ್ಕ ಕೊಂಡಿ ಇರುತ್ತದೆ. ಅದರೊಳಗೆ ಮುಖ್ಯವಾದ ಎರಡು ಪ್ರಶ್ನೆ. ಡೇಟಾ ಪೂರ್ತಿ ಒರೆಸಬೇಕಾ? ಎಲ್ಲಾ ಡ್ರೈವ್‌ಗಳಿಂದ ಅಳಿಸಬೇಕಾ? ನಾವು ಮುಟ್ಟುವ ಮುಂಚೆ ಎರಡಕ್ಕೂ ಉತ್ತರ "ಬೇಡ" ಅಂತಲೇ ಇರುತ್ತದೆ. ಅಂದರೆ ಅಕ್ಕ ತಾನೇ ರೀಸೆಟ್ ಮಾಡಿ ಕೊಟ್ಟಿದ್ದರೂ ಡಿ ಡ್ರೈವ್‌ಗೆ ಕೈಯೇ ತಾಗುತ್ತಿರಲಿಲ್ಲ. ಆ ಗುರುತಿನ ಚೀಟಿ ಅಲ್ಲೇ ಇರುತ್ತಿತ್ತು. ಎರಡು ಡ್ರೈವ್ ಇರುವ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ ಇಡೀ ಬರಹದಲ್ಲಿ ಇದೊಂದನ್ನು ಮರೆಯಬೇಡಿ.

ನಾವು ಮೊದಲ ಪ್ರಶ್ನೆಗೆ ಹೌದು ಅಂದೆವು. ಡಿ ಆಗಲೇ ಒರೆಸಿ ಆಗಿದ್ದರಿಂದ ಎರಡನೆಯದು ಬೇಕಾಗಿರಲಿಲ್ಲ. ವಿಂಡೋಸನ್ನು ಕ್ಲೌಡ್‌ನಿಂದ ಹೊಸದಾಗಿ ಇಳಿಸಿಕೊಳ್ಳಲು ಹೇಳಿದೆವು. ಸಾಕಷ್ಟು ಡೇಟಾ ಬೇಕು, ಆದರೆ ಹಳೆಯ ಕಸ ಬರುವುದಿಲ್ಲ.

ಅಳಿದಿದೆಯಾ ಅಂತ ನೋಡಿದ್ದು

ರೀಸೆಟ್ ಮುಗಿದು ದೇಶ, ಭಾಷೆ ಕೇಳುವ ಪರದೆ ಬಂತು. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಇನ್ನೊಂದು ಹೆಜ್ಜೆ ಹೋದೆವು. 2022ರಲ್ಲಿ, ಎಲ್ಲಾ ತೆಗೆ ಅಂತ ರೀಸೆಟ್ ಮಾಡಿದರೂ ಒನ್‌ಡ್ರೈವ್‌ನ ಕೆಲವು ಕಡತಗಳು ಉಳಿಯುವ ತೊಂದರೆ ಇದೆ ಅಂತ ಮೈಕ್ರೋಸಾಫ್ಟ್ ಒಪ್ಪಿಕೊಂಡು ಸರಿಪಡಿಸಿತ್ತು. ಹಾಗಾಗಿ ನೋಡಿಬಿಡುವುದೇ ಒಳ್ಳೆಯದು.

ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಡಿಸ್ಕ್ ಮೇಲೆ ಏನೂ ಬರೆಯುವುದಿಲ್ಲ. ಅದರಲ್ಲಿ ಮತ್ತೆ ಅದೇ ಫೋಟೋರೆಕ್. ಹಾರ್ಡ್ ಡಿಸ್ಕ್‌ನಲ್ಲಿ ಏನೂ ಸಿಗಲಿಲ್ಲ. ಎಸ್‌ಎಸ್‌ಡಿಯಲ್ಲಿ ಚಿತ್ರಗಳು ಸಿಕ್ಕವು. ಅಕ್ಕ ಬಗ್ಗಿ ಒಂದೊಂದನ್ನೇ ನೋಡಿದಳು. ಎಲ್ಲಾ ವಿಂಡೋಸ್‌ನದೇ ವಾಲ್‌ಪೇಪರ್, ಐಕಾನ್. ಅವಳ ಗಿರಾಕಿಗಳದ್ದು ಒಂದೂ ಇಲ್ಲ.

ಮೊದಲ ದಿನ ಸಿಕ್ಕಿದ ಕಡತಗಳನ್ನು ತುಂಬಿಕೊಂಡಿದ್ದ ಪೆನ್‌ಡ್ರೈವ್ ಒಂದು ಇತ್ತಲ್ಲ, ಅದು ಈಗ ಲ್ಯಾಪ್‌ಟಾಪ್‌ಗಿಂತ ಅಪಾಯದ್ದು. ಅದನ್ನೂ ಒರೆಸಿ, ಯಾರಿಗೂ ಕೊಡದೆ ಅಕ್ಕನ ಬಳಿಯೇ ಇಟ್ಟೆವು.

ಹೊರಮೈ, ಬ್ಯಾಟರಿ

ಇದು ಬೇಗ ಮುಗಿಯಿತು. ಪರದೆಗೆ ನೇರವಾಗಿ ಏನೂ ಚಿಮುಕಿಸದೆ, ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ ಒರೆಸಿದೆವು. ಕೀಬೋರ್ಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಫ್ಯಾನ್‌ನ ಧೂಳು ಊದುವಾಗ ಅದರ ರೆಕ್ಕೆ ಗಿರ್ರನೆ ತಿರುಗದಂತೆ ಕಡ್ಡಿಯಿಂದ ಹಿಡಿದುಕೊಂಡಿದ್ದೆ. ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು. ಬ್ಯಾಟರಿ ಉಬ್ಬಿದೆಯಾ ಅಂತ ಟಚ್‌ಪ್ಯಾಡ್ ಸುತ್ತ ಕೈಯಾಡಿಸಿ ನೋಡಿದೆವು. ಉಬ್ಬಿದ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹೊತ್ತಿಕೊಳ್ಳಬಹುದು, ಅದನ್ನು ಬದಲಿಸದೆ ಯಾರಿಗೂ ಕೊಡಬಾರದು. ಇದು ಸರಿಯಿತ್ತು.

ಬ್ಯಾಟರಿಯ ವರದಿಯನ್ನು ಮಾತ್ರ ರೀಸೆಟ್‌ಗೆ ಮುಂಚೆಯೇ ತೆಗೆದಿಟ್ಟುಕೊಂಡಿದ್ದೆವು. ವಿಂಡೋಸ್‌ಗೆ ಕೇಳಿದರೆ ಅದೇ ಒಂದು ಪುಟದ ವರದಿ ಬರೆದುಕೊಡುತ್ತದೆ, ಹಳೆಯ ದಿನಗಳ ದಾಖಲೆ ಸಮೇತ. ರೀಸೆಟ್ ಆದರೆ ಆ ದಾಖಲೆ ಹೋಗುತ್ತದೆ. ಹೊಸದಿದ್ದಾಗ 41,000 ಮಿಲಿವ್ಯಾಟ್ ಅವರ್, ಈಗ 26,100. ಅಂದರೆ ನೂರಕ್ಕೆ 64ರಷ್ಟು ಉಳಿದಿದೆ. ಆ ಪುಟವನ್ನು ಪ್ರಿಂಟ್ ತೆಗೆದೆವು.

ಕೊಟ್ಟ ದಿನ

ಕೊಳ್ಳುವವನು ಲ್ಯಾಪ್‌ಟಾಪ್ ಓಡಿಸಿ ನೋಡಬೇಕು, ನ್ಯಾಯ. ಆದರೆ ಅದಕ್ಕೆ ವಿಂಡೋಸ್ ಸೆಟಪ್ ಮುಗಿಸಿದರೆ ಯಾರದೋ ಖಾತೆ ಅದರಲ್ಲಿ ಕೂರುತ್ತದೆ. ಇಲ್ಲೂ ಉಬುಂಟು ಪೆನ್‌ಡ್ರೈವ್ ಕೈಹಿಡಿಯಿತು. ಅದರಿಂದಲೇ ಶುರು ಮಾಡಿ ಕ್ಯಾಮೆರಾ, ಸ್ಪೀಕರ್, ವೈಫೈ, ಯುಎಸ್‌ಬಿ ಪೋರ್ಟ್‌ಗಳು, ಕೀಬೋರ್ಡ್‌ನ ಒಂದೊಂದು ಕೀ, ಎಲ್ಲವನ್ನೂ ಅವನೇ ಒತ್ತಿ ನೋಡಿಕೊಂಡ.

"ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಮೇಡಂ?" ಅಂತ ಕೇಳಿದ. ಅಕ್ಕ ವರದಿಯ ಪುಟ ಅವನ ಮುಂದಿಟ್ಟಳು. "ನೋಡಪ್ಪಾ, ಮೂರರಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಕಮ್ಮಿ ಉಳಿದಿದೆ. ಎರಡು ಗಂಟೆ ಮೇಲೆ ನೆಚ್ಚಿಕೋಬೇಡ. ಬಲಗಡೆ ಹಿಂಜ್ ಬಿಗಿ ಇದೆ, ಒಂದೇ ಮೂಲೆ ಹಿಡಿದು ಎತ್ತಬೇಡ. ಪರದೆಯ ಕೆಳಗಡೆ ಒಂದು ಬಿಳಿ ಚುಕ್ಕೆ ಇದೆ, ಬಿಳಿ ಪುಟ ತೆರೆದರೆ ಕಾಣುತ್ತೆ." ಇದನ್ನೆಲ್ಲ ಹೇಳಿದರೆ ಚೌಕಾಸಿ ಮಾಡುತ್ತಾನೆ ಅಂತ ನೆರೆಯವರೊಬ್ಬರು ಎಚ್ಚರಿಸಿದ್ದರು. ಅವನು ಮಾಡಲಿಲ್ಲ. ಮಾಡಿದ್ದರೂ ಹೇಳುವುದೇ ಸರಿ. ಕೊಂಡ ಮೇಲೆ ತಾನೇ ಕಂಡುಹಿಡಿದ ಒಂದು ದೋಷ, ಇಲ್ಲದ ಹತ್ತು ದೋಷಗಳ ಅನುಮಾನ ಹುಟ್ಟಿಸುತ್ತದೆ.

ವಿಂಡೋಸ್‌ನ ಲೈಸೆನ್ಸ್ ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್‌ಗೆ ಸೇರಿದ್ದು, ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ ಅಂತ ಹೇಳಿದೆವು. ಆಫೀಸ್ ಮಾತ್ರ ಅಕ್ಕನ ಚಂದಾ, ಅದು ಬರುವುದಿಲ್ಲ ಅಂತಲೂ ಹೇಳಿದೆವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದು 11 ಓಡಿಸುವ ಯಂತ್ರ ಅನ್ನುವುದು ಅವನಿಗೆ ಮುಖ್ಯವಾಗಿತ್ತು. ಬಯೋಸ್‌ಗೆ ಪಾಸ್‌ವರ್ಡ್ ಇಲ್ಲ ಅನ್ನುವುದನ್ನು ಅವನ ಎದುರಿಗೇ ತೆರೆದು ತೋರಿಸಿದೆವು. ಬೇರೆ ಸೆಟ್ಟಿಂಗ್‌ಗಳನ್ನು ಮುಟ್ಟಲಿಲ್ಲ. ಎಲ್ಲವನ್ನೂ ಡಿಫಾಲ್ಟ್‌ಗೆ ತಂದರೆ, ಕೆಲವು ಯಂತ್ರಗಳಲ್ಲಿ ಡಿಸ್ಕ್ ನಡೆಸುವ ವಿಧಾನವೂ ಬದಲಾಗಿ ವಿಂಡೋಸ್ ಏಳುವುದೇ ಇಲ್ಲ.

ಒಂದು ಹಾಳೆಯಲ್ಲಿ ಸೀರಿಯಲ್ ನಂಬರ್, ತಾರೀಖು, ಹೇಳಿದ ದೋಷಗಳು, ಜೊತೆಗೆ ಕೊಟ್ಟ ಚಾರ್ಜರ್, ಎಲ್ಲಾ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರು. ಹಳೇ ಬಿಲ್ಲನ್ನೂ ಕೊಟ್ಟೆವು.

ಆಮೇಲೆ

ಮನೆಗೆ ಹೋಗಿ ಸೆಟಪ್ ಮುಗಿಸಿದ್ದೇನೆ, ತನ್ನ ಖಾತೆ ಸರಿಯಾಗಿ ಕೂತಿದೆ, ವಿಂಡೋಸ್ ಆ್ಯಕ್ಟಿವೇಟ್ ಆಗಿದೆ ಅಂತ ಹುಡುಗ ಸಂಜೆ ಫೋನ್ ಮಾಡಿದ. ಆಗ ಅಕ್ಕ ತನ್ನ ಮೈಕ್ರೋಸಾಫ್ಟ್ ಖಾತೆಯಿಂದ ಹಳೇ ಲ್ಯಾಪ್‌ಟಾಪ್ ತೆಗೆದಳು. ರಿಕವರಿ ಕೀಯನ್ನೂ ಅಳಿಸಿದಳು, ಬರೆದಿಟ್ಟ ಕಾಗದವನ್ನು ಹರಿದಳು. ಗೂಗಲ್ ಖಾತೆಯ ಸಾಧನಗಳ ಪಟ್ಟಿ, ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್, ಇವೆರಡರಲ್ಲೂ ಹಳೆಯದರ ಹೆಸರು ಇನ್ನೂ ಇತ್ತು. ಅಲ್ಲಿಂದಲೂ ಲಾಗೌಟ್ ಮಾಡಿದೆವು.

ಇನ್ನು ಬ್ಯಾಕಪ್. ಹಳೇ ಲ್ಯಾಪ್‌ಟಾಪ್ ಹೋದ ಮೇಲೆ ಎಷ್ಟೋ ಕಡತಗಳಿಗೆ ಎಕ್ಸ್‌ಟರ್ನಲ್ ಡಿಸ್ಕ್ ಒಂದೇ ಆಸರೆ. ಬೇಕಾದ್ದನ್ನು ಹೊಸ ಲ್ಯಾಪ್‌ಟಾಪ್‌ಗೆ ಹಾಕಿ, ಇನ್ನೊಂದು ಡಿಸ್ಕ್‌ಗೂ ಒಂದು ಪ್ರತಿ ಮಾಡಿ, ಎರಡೂ ಡಿಸ್ಕ್‌ಗೆ ಬಿಟ್‌ಲಾಕರ್ ಹಾಕಿದೆವು. ಕೆಲಸ ಬಿಟ್ಟ ಗಿರಾಕಿಗಳ ಕಾಗದಗಳಲ್ಲಿ ಇನ್ನು ಇಟ್ಟುಕೊಳ್ಳಬೇಕಾಗಿಲ್ಲದವನ್ನು ಅಕ್ಕ ಒಂದೊಂದಾಗಿ ನೋಡಿ ತೆಗೆಯುತ್ತಿದ್ದಾಳೆ. ಹೊಸ ಲ್ಯಾಪ್‌ಟಾಪ್‌ನಲ್ಲೂ ಬಿಟ್‌ಲಾಕರ್ ಹಾಕಿದ್ದಾಯಿತು. ಈ ಸಲ "ಇಡೀ ಡ್ರೈವ್" ಅನ್ನುವ ಆಯ್ಕೆಯಲ್ಲಿ, ಗಿರಾಕಿಗಳ ಒಂದು ಕಡತವೂ ಅದಕ್ಕೆ ಬರುವ ಮುಂಚೆ.